ಸೊಪ್ಪಿನ ಕೋಣೆಯ ಹಿಟ್ಟು

ಮಂಜಿ ಮೊದಲ ಸಲ ವಾಂತಿ ಮಾಡಿಕೊಂಡಾಗ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮಲ್ಲಿದ್ದ ಒಂದೇ ಒಂದು ಗಡಿಯಾರ ಮನೆಯೊಳಗೆ ಇರಲಿಲ್ಲ, ಹಿತ್ತಿಲಿನಾಚೆ ಬ್ಯಾರನ್ನಿನ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮಣ್ಣುಗೋಡೆಯ ಕಟ್ಟಡಕ್ಕೆ ಗಂಟೆಗಂಟೆಗೂ ಶಾಖದ ಲೆಕ್ಕ ಬೇಕಿತ್ತು. ಮನುಷ್ಯರಾದ ನಮಗೆ ಹೊತ್ತು ನೆತ್ತಿಗೆ ಬಂದದ್ದು, ಇಳಿದದ್ದು ಗೊತ್ತಾದರೆ ಸಾಕಿತ್ತು. ನಾನು ಅಪ್ಪನಿಗೆ ಟೀ ತೆಗೆದುಕೊಂಡು ಹೋಗಿದ್ದೆ. ಅಪ್ಪ ಗೋಡೆಯ ಸಣ್ಣ ಗಾಜಿನ ಕಿಂಡಿಗೆ ಕಣ್ಣಿಟ್ಟು ಒಳಗಿನ ಥರ್ಮಾಮೀಟರ್ ನೋಡುತ್ತಿದ್ದ. ನಾಲ್ಕು ವರ್ಷದ ನನ್ನ ತಂಗಿ ಮಂಜಿ ಸೌದೆ ರಾಶಿಯ ಹತ್ತಿರ ಕೂತು ಕಡ್ಡಿಯಲ್ಲಿ ನೆಲ ಕೆರೆಯುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು, "ಅಕ್ಕಾ" ಎಂದಳು, ಅಷ್ಟೇ. ನನ್ನ ಲಂಗದ ಮೇಲೆಲ್ಲ ಹಳದಿ ಗಂಜಿ. ಅಪ್ಪ ಕಿಂಡಿಯಿಂದ ತಲೆ ತಿರುಗಿಸಿ ಒಮ್ಮೆ ನೋಡಿದ.

"ಸೊಪ್ಪಿನ ಅಮಲು ಕಣವ್ವ. ಒಳೀಕ್ ಕರ್ಕೊಂಡೋಗಿ ಮಜ್ಜಿಗೆ ಕುಡ್ಸು, ಸರೋಯ್ತದೆ."

ಅಪ್ಪ ಹಾಗೆಂದದ್ದು ಉದಾಸೀನದಿಂದಲ್ಲ. ಬೆಟ್ಟದಪುರದ ಬೆಟ್ಟದ ಬುಡದ ನಮ್ಮ ಊರಿನಲ್ಲಿ ಸೊಪ್ಪಿನ ಕಾಲ ಬಂದರೆ ತಲೆ ಸುತ್ತದವರು, ಓಕರಿಸದವರು ಯಾರೂ ಇರುತ್ತಿರಲಿಲ್ಲ. ಮಳೆಯಲ್ಲಿ ನೆಂದ ಹಸಿ ಎಲೆಯನ್ನು ಮುರಿದು ಕಂಕುಳಲ್ಲಿ ಅವುಚಿಕೊಂಡು ಸಾಲಿನುದ್ದಕ್ಕೂ ನಡೆದರೆ ಅದರ ನೀರು ಮೈಗಿಳಿದು ಅಮಲೇರುತ್ತಿತ್ತು. ಮಜ್ಜಿಗೆ ಕುಡಿದು ನೆರಳಲ್ಲಿ ಮಲಗಿದರೆ ಸಂಜೆಗೆ ಇಳಿಯುತ್ತಿತ್ತು. ಆ ವಾರ ಅವ್ವನಿಗೂ ಹಾಗೇ ಆಗಿತ್ತು, ಅಜ್ಜಿಗೂ ಆಗಿತ್ತು. ಅಪ್ಪ ಎರಡು ದಿನದಿಂದ ಊಟ ಬೇಡವೆನ್ನುತ್ತಿದ್ದ. ಮನೆಯಲ್ಲಿ ಯಾರಿಗೆ ಏನಾದರೂ ಅದಕ್ಕೆ ಸೊಪ್ಪೇ ಕಾರಣವೆಂದು ನಂಬಿದ್ದ ಮನೆ ನಮ್ಮದು.

ಮನೆಯೇ ಸೊಪ್ಪಿಗಾಗಿ ಕಟ್ಟಿದ ಹಾಗಿತ್ತು. ಜಗಲಿ ದಾಟಿದರೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಸೊಪ್ಪಿನ ಕೋಣೆ. ಮೂರರಲ್ಲಿ ಸೊಪ್ಪಿನ ಕೋಣೆಯೇ ದೊಡ್ಡದು. ಹೆಂಚಿನಡಿ ಹಲಗೆ ಹೊಡೆದು ಸೋರದಂತೆ ಮಾಡಿದ್ದು ಅದಕ್ಕೊಂದಕ್ಕೇ. ನಾವು ಮಲಗುತ್ತಿದ್ದ ನಡುಮನೆಯಲ್ಲಿ ಮಳೆ ಬಂದರೆ ಪಾತ್ರೆ ಇಡಬೇಕಾಗಿತ್ತು. ಬ್ಯಾರನ್ನಿನಿಂದ ಇಳಿಸಿದ ಸೊಪ್ಪು ಹಪ್ಪಳದಂತೆ ಗರಿಗರಿಯಾಗಿರುತ್ತದೆ, ಮುಟ್ಟಿದರೆ ಪುಡಿ. ಅದು ಮೆತ್ತಗಾಗಿ ಹದಕ್ಕೆ ಬರಬೇಕೆಂದು ಆ ಕೋಣೆಯ ನೆಲಕ್ಕೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದರು, ಕಿಟಕಿಗೆ ಒದ್ದೆ ಗೋಣಿತಾಟು ನೇತುಹಾಕುತ್ತಿದ್ದರು. ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ಜೇನು, ಒಣಹುಲ್ಲು, ಹೊಗೆ ಮೂರೂ ಬೆರೆತಂಥ ವಾಸನೆ. ಆ ವಾಸನೆ ನನಗೆ ಇವತ್ತಿಗೂ ಇಷ್ಟ. ಅದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ.

ಆ ಕೋಣೆಗೆ ಇಲಿ ಬರುತ್ತಿರಲಿಲ್ಲ. ನುಸಿ, ಗುಗ್ಗುರು ಯಾವುದೂ ಬರುತ್ತಿರಲಿಲ್ಲ. ಸೊಪ್ಪಿನ ಘಾಟಿಗೆ ಹುಳುಗಳೆಲ್ಲ ದೂರ. ಇದನ್ನು ಕಂಡುಕೊಂಡವಳು ಅಜ್ಜಿ. ಅಪ್ಪನ ತಾಯಿ, ಗಿಡ್ಡನೆಯ ಹೆಂಗಸು, ಬಾಯಿ ದೊಡ್ಡದು. ರಾಗಿಹಿಟ್ಟಿನ ಮಣ್ಣಿನ ಗುಡಾಣವನ್ನು ಯಾವ ಕಾಲದಲ್ಲೋ ಅವಳು ಅಡುಗೆಮನೆಯಿಂದ ಸೊಪ್ಪಿನ ಕೋಣೆಯ ಮೂಲೆಗೆ ಸಾಗಿಸಿದ್ದಳು. ಅಂದಿನಿಂದ ನಮ್ಮ ಹಿಟ್ಟಿಗೆ ಒಂದು ಹುಳ ಬಿದ್ದದ್ದಿಲ್ಲ. ಊರಿನ ಹೆಂಗಸರು ಜರಡಿ ಹಿಡಿದು ಕೂತಿದ್ದರೆ ನಮ್ಮಜ್ಜಿ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ ಅವರನ್ನು ಕಿಚಾಯಿಸುತ್ತಿದ್ದಳು.

"ಹುಳಕ್ಕೆ ಬಾಡಿಗೆ ಇಲ್ದೆ ಮನೆ ಕೊಟ್ಟಿದ್ದೀರಿ, ಜಾಲಾಡ್ಕೊಂಡ್ ಕೂತ್ಕೊಳಿ."

ಆ ವರ್ಷ ರಾಗಿ ಬೇಗ ಮುಗಿಯಿತು. ಹೊಸ ರಾಗಿ ಕಣಕ್ಕೆ ಬರಲು ಇನ್ನೂ ಕಾಲವಿತ್ತು. ಹೊಲದಲ್ಲಿ ಮುಸುಕಿನ ಜೋಳ ಮಾತ್ರ ಕೈಗೆ ಬಂದಿತ್ತು, ಅದೂ ಬಿಡದ ಸೋನೆಯಲ್ಲಿ. ತೆನೆ ಮುರಿದು ತಂದು, ಬಿಸಿಲಿಲ್ಲದ್ದಕ್ಕೆ ಬ್ಯಾರನ್ನಿನ ಒಲೆಯ ಮುಂದೆ ಹರವಿ ಒಣಗಿಸಿದ್ದರು. ಹೊರಗೆ ಒಣಗಿತ್ತು, ಕಾಳಿನ ಒಳಗೆ ಒಣಗಿತ್ತೋ ಇಲ್ಲವೋ. ಬೆಟ್ಟದಪುರದ ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದ ಚೀಲವನ್ನು ನಾನೇ ತಬ್ಬಿಕೊಂಡು ಬಸ್ಸಿನಲ್ಲಿ ಕೂತಿದ್ದೆ. ಆ ಚಳಿಯಲ್ಲಿ ಅದರ ಬಿಸಿ ಹಿತವಾಗಿತ್ತು. ಮನೆಗೆ ಬಂದೊಡನೆ ಅಜ್ಜಿ ಗುಡಾಣ ಒರೆಸಿ, ಒಂದು ಚಿಟಿಕೆ ಹಿಟ್ಟನ್ನು ಒಲೆಗೆ ಹಾಕಿ ಕೈಮುಗಿದು, ಉಳಿದದ್ದನ್ನು ಬಿಸಿ ಇರುವಾಗಲೇ ಮುಷ್ಟಿಯಲ್ಲಿ ಅದುಮಿ ಅದುಮಿ ತುಂಬಿದಳು. ರಾಗಿಹಿಟ್ಟನ್ನು ಹಾಗೇ ತುಂಬುತ್ತಿದ್ದದ್ದು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅತ್ತೆಮ್ಮ, ವಸಿ ಆರಕ್ ಬುಡಿ. ನಮ್ ತೌರಲ್ಲಿ ಜ್ವಾಳದ ಹಿಟ್ಟ ನಾಕ್ ದಿನಕ್ಕಾಗೋಷ್ಟೇ ಬೀಸುಸ್ಕೊಳದು."

"ನಿಮ್ ತೌರಲ್ಲಿ ಗುಡಾಣ ಇಲ್ದಿದ್ರೆ ನಾನೇನ್ ಮಾಡ್ಲಿ, ಜಯ."

"ಗುಡಾಣ ಐತೆ. ಬುದ್ಧೀನೂ ಐತೆ."

"ಐತಲ್ಲ, ಅದ್ರಲ್ ವಸಿ ತರ್ಬೇಕಾಗಿತ್ತು ಬರ್ವಾಗ."

ಅವರಿಬ್ಬರ ಮಾತು ಯಾವಾಗಲೂ ಹೀಗೇ. ಯಾರಿಗೂ ನೋವಾಗುತ್ತಿರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ನಗುತ್ತಿದ್ದ. ಹಿಟ್ಟು ಗುಡಾಣದಲ್ಲೇ ಉಳಿಯಿತು.

ನಾವು ರಾಗಿ ತಿನ್ನುವ ಜನ. ಮುದ್ದೆಗೆ ಜೋಳದ ಹಿಟ್ಟು ಬೆರೆಸಿದರೆ ಅಪ್ಪ ಮುಖ ಕಿವುಚುತ್ತಿದ್ದನಾದ್ದರಿಂದ ಅವ್ವ ಉಳಿದಿದ್ದ ರಾಗಿಹಿಟ್ಟಿಗೆ ಅದನ್ನು ಒಂದೊಂದೇ ಹಿಡಿ ಸೇರಿಸಿ ಮುದ್ದೆ ಕಟ್ಟುತ್ತಿದ್ದಳು. ಮಂಜಿಗೆ ಮಾತ್ರ ಬರೀ ಜೋಳದ್ದೇ ಗಂಜಿ. ಬೆಲ್ಲ ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು, ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಿಂದ ಬಾಯಿಗಿಡುತ್ತಿದ್ದಳು. ಮಂಜಿ ಅಜ್ಜಿಯ ಪ್ರಾಣ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಬಟ್ಟಲ ತಳದಲ್ಲಿ ಉಳಿದದ್ದು ಬಾಗಿಲ ಬಳಿ ಕಾದು ಕೂತ ನಾಯಿ ಕೆಂಚನಿಗೆ.

ಆ ಹಿಟ್ಟು ಕಹಿಯಾಗುತ್ತ ಹೋದದ್ದು ಯಾರಿಗೂ ತಿಳಿಯಲಿಲ್ಲ. ಇದನ್ನು ಹೊರಗಿನವರಿಗೆ ಎಷ್ಟು ಸಲ ಹೇಳಿದರೂ ಅವರ ಮುಖದಲ್ಲಿ ಅನುಮಾನ ಉಳಿಯುತ್ತದೆ. ಸೊಪ್ಪು ಮುರಿದ ಕೈಗೆ ಕಪ್ಪು ಅಂಟು ಹತ್ತುತ್ತದೆ. ಸೋಪಿಗೆ ಹೋಗುವುದಿಲ್ಲ, ಮಣ್ಣಿಗೆ ಹೋಗುವುದಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆ ಕಹಿ, ಅನ್ನ ಕಲೆಸಿದರೆ ಅನ್ನ ಕಹಿ, ನೀರು ಕುಡಿದರೆ ಚೊಂಬಿನ ಅಂಚೇ ಕಹಿ. ಕಹಿ ಇಲ್ಲದ ತುತ್ತು ನಮ್ಮ ಬಾಯಿಗೆ ಬರುತ್ತಿದ್ದದ್ದು ಸೊಪ್ಪು ಮುಗಿದ ಮೇಲೆಯೇ. ಮೂಗಿನ ಕತೆಯೂ ಅದೇ. ಸೊಪ್ಪಿನ ಘಾಟು ತುಂಬಿದ ಕೋಣೆಯಲ್ಲಿ ಬಗ್ಗಿ ಹಿಟ್ಟು ಮೂಸಿದರೆ ಸೊಪ್ಪಿನ ವಾಸನೆಯೇ ಬರಬೇಕಲ್ಲವೆ. ಅಜ್ಜಿ ದಿನವೂ ಗುಡಾಣಕ್ಕೆ ಕೈ ಹಾಕಿ ನೋಡುತ್ತಿದ್ದಳು. ಹುಳ ಇದೆಯೇ ಎಂದು ನೋಡುತ್ತಿದ್ದಳು. ಹುಳ ಇರಲಿಲ್ಲ.

ಮಜ್ಜಿಗೆಯಿಂದ ಮಂಜಿಗೆ ಇಳಿಯಲಿಲ್ಲ. ಮಾರನೆಯ ದಿನವೂ ವಾಂತಿ. ಅಜ್ಜಿ ನಿಂಬೆರಸ ಕುಡಿಸಿದಳು, ದೃಷ್ಟಿ ತೆಗೆದಳು, ಹೊಟ್ಟೆ ಖಾಲಿಯಾಗಿದೆಯೆಂದು ಮತ್ತೆ ತೆಳ್ಳಗೆ ಗಂಜಿ ಕಾಸಿದಳು. ಅದರ ಮರುದಿನ ಕೆಂಚ ಕರೆದರೆ ಏಳಲಿಲ್ಲ. ಬ್ಯಾರನ್ನಿನ ಬೂದಿಯ ಮೇಲೆ ಮಲಗಿದ್ದ ಅವನ ಬಾಯಲ್ಲಿ ನೊರೆ ಒಣಗಿತ್ತು. ಅಪ್ಪ ಗುದ್ದಲಿ ತರಲು ಹೋದ. ಅವ್ವ ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬಂದವಳು ಅದನ್ನು ಇಳಿಸದೆಯೇ ಕೆಂಚನನ್ನು ನೋಡುತ್ತ ನಿಂತಳು. ಆಮೇಲೆ ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದ ಮಂಜಿಯ ಕಡೆ ತಿರುಗಿದಳು. ಹೊರೆ ಅವಳ ತಲೆಯಿಂದ ಜಾರಿ ಬಿತ್ತು.

"ಸಾವಿ, ಮಂಜಿ ಹೊಲಕ್ ಬಂದಿದ್ಲೇನೆ ಈ ವಾರ?"

"ಇಲ್ಲ ಕಣವ್ವ. ಮಳೆ ಅಂತ ಅಜ್ಜಿ ಬುಡ್ನಿಲ್ಲ."

"ಸೊಪ್ ಮುಟ್ಟಿದ್ಲಾ?"

"ಇಲ್ಲ."

"ಸೊಪ್ ಮುಟ್ದೆ ಇರೋ ಕೂಸ್ಗೆ ಸೊಪ್ಪಿನ ಅಮಲು ಎಂಗೆ?"

ಅವಳು ಅದನ್ನು ನನ್ನನ್ನು ಕೇಳಿದ್ದಲ್ಲ. ಬಚ್ಚಲಿಗೆ ಹೋಗಿ ಹುಣಸೆಹಣ್ಣು, ಬೂದಿ ಹಾಕಿ ಚರ್ಮ ಕೆಂಪಾಗುವ ತನಕ ಕೈ ಉಜ್ಜಿದಳು. ಮೂಗಿನೊಳಕ್ಕೂ ನೀರೆಳೆದು ಸೀನಿದಳು. ಸೊಪ್ಪಿನ ಕೋಣೆಯಿಂದ ಒಂದು ಮೊರ ಹಿಟ್ಟನ್ನು ತುಂಬಿಕೊಂಡು, ಮನೆಯಿಂದ ದೂರ, ಬ್ಯಾರನ್ನಿನಿಂದಲೂ ದೂರ, ರಸ್ತೆಯಾಚೆಯ ಖಾಲಿ ಹೊಲದ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ನಾನು ಹಿಂದೆಯೇ ಓಡಿದೆ. ಮಳೆ ಬಿಟ್ಟಿತ್ತು, ಗಾಳಿ ಶುಭ್ರವಾಗಿತ್ತು. ಅವ್ವ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಳು. ಒಳ್ಳೆಯ ಹಿಟ್ಟಾಗಿದ್ದರೆ ಬೆರಳು ಬಿಡಿಸಿದೊಡನೆ ಉದುರಬೇಕು. ಇದು ಉಂಡೆಯಾಗಿಯೇ ಕೂತಿತ್ತು. ಉಂಡೆಯನ್ನು ಒಡೆದಾಗ ಒಳಗೆ ಹಳದಿಯ ಜೊತೆ ಬೂದಿ ಹಸಿರಿನ ಎಳೆಗಳು. ಹತ್ತಿ ಎಳೆದಂತೆ ನಾರು ನಾರು. ಅವಳು ಮೂಗಿನ ಹತ್ತಿರ ತಂದಳು, ನನ್ನ ಮೂಗಿಗೂ ಹಿಡಿದಳು. ನೆಂದ ಗೋಣಿಚೀಲವನ್ನು ಮಡಿಚಿ ತಿಂಗಳುಗಟ್ಟಲೆ ಇಟ್ಟು ಬಿಡಿಸಿದರೆ ಬರುತ್ತದಲ್ಲ, ಆ ಮುಗ್ಗು. ಅದರ ಹಿಂದೆ ಕಮಟು ಎಣ್ಣೆ. ಕೋಣೆಯೊಳಗೆ ಇಷ್ಟು ದಿನ ಇದೇ ವಾಸನೆ ಸೊಪ್ಪಿನ ಮರೆಯಲ್ಲಿ ಕೂತಿತ್ತು.

ಅವ್ವ ಒಂದು ಉಂಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು. ಮಂಜಿಯ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದಳು. ಬಿಳಿ ಇರಬೇಕಾದ ಕಡೆ ಅರಿಶಿನ. ಅಪ್ಪ ಗುದ್ದಲಿ ಕೆಳಗಿಟ್ಟ. ಬ್ಯಾರನ್ನಿನಲ್ಲಿ ಸೊಪ್ಪು ಅರ್ಧ ಬೆಂದಿತ್ತು. ಈಗ ಬೆಂಕಿ ತಪ್ಪಿದರೆ ಇಡೀ ಬ್ಯಾರನ್ ಕಪ್ಪಾಗಿ ಹೋಗುತ್ತದೆಂದು ಮನೆಯ ಎಲ್ಲರಿಗೂ ಗೊತ್ತಿತ್ತು. ಅವನು ಒಲೆಯ ಕಡೆ ಒಂದು ಸಲ ನೋಡಿದ.

"ಏನ್ಲಾ ನೋಡ್ತೀಯ?" ಅಜ್ಜಿ ಅಂದಳು. "ಸುಟ್ಟೋದ್ರೆ ಸುಟ್ಟೋಗ್ಲಿ. ಕೂಸ್ ಎತ್ಕೊಂಡ್ ಓಗು. ಬೆಂಕಿ ನಾನ್ ನೋಡ್ಕತೀನಿ."

ಅಪ್ಪ ಅವ್ವ ಮಂಜಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದರು. ಹೋಗುವಾಗ ಅವ್ವ ಅಜ್ಜಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು, ಅಜ್ಜಿ, ಉರಿಯುವ ಬ್ಯಾರನ್ ಉಳಿದೆವು. ಅಜ್ಜಿ ಒಲೆಗೆ ಸೌದೆ ತುರುಕಿ, ನನ್ನನ್ನು ಕಿಂಡಿಯ ಬಳಿ ನಿಲ್ಲಿಸಿ ಥರ್ಮಾಮೀಟರ್ ಓದಿಸಿದಳು. ಆಮೇಲೆ ಸೊಪ್ಪಿನ ಕೋಣೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಬಾಗಿಲಿಗೆ ಹೋದೆ. ಅವಳು ಗುಡಾಣದ ಮುಂದೆ ಕೂತಿದ್ದಳು. ಅಂಗೈ ತುಂಬ ಹಿಟ್ಟು. ಅದನ್ನು ಬಾಯಿಯ ಹತ್ತಿರ ತಂದಿದ್ದಳು.

ನಾನು ಓಡಿಹೋಗಿ ಅವಳ ಕೈಗೆ ಹೊಡೆದೆ. ಜೋರಾಗಿಯೇ ಹೊಡೆದೆ. ಹಿಟ್ಟೆಲ್ಲ ಒದ್ದೆ ನೆಲದ ಮೇಲೆ ಚೆಲ್ಲಿತು.

"ಏನ್ ಮಾಡ್ತಿದ್ದೀಯ ಅಜ್ಜಿ?"

"ಕಹಿ ಐತಾ ಅಂತ ನೋಡ್ತಿದ್ದೆ ಕಣೆ. ನನ್ ನಾಲ್ಗೇಗೆ ಗೊತ್ತಾಗ್ನಿಲ್ವಲ್ಲ. ಇಷ್ಟ್ ದಿನ ನಾನೇ ಬೆಳ್ಳಲ್ಲಿ ತಿನ್ನುಸ್ದೆ, ನಂಗ್ ಗೊತ್ತಾಗ್ನಿಲ್ವಲ್ಲ."

ಅವಳು ರುಚಿ ನೋಡಲು ಹೊರಟಿದ್ದಳೋ, ಮೊಮ್ಮಗಳಿಗೆ ಆದದ್ದು ತನಗೂ ಆಗಲಿ ಎಂದಿದ್ದಳೋ. ರುಚಿ ನೋಡಲು ಒಂದು ಚಿಟಿಕೆ ಸಾಕಲ್ಲವೆ, ಅಂಗೈ ತುಂಬ ಯಾಕೆ? ಈ ಪ್ರಶ್ನೆ ನನ್ನ ಕಾಲೇಜಿಗೂ ಬಂತು, ಮದುವೆಗೂ ಬಂತು, ಹುಣಸೂರಿನ ಈಗಿನ ಮನೆಗೂ ಬಂದಿದೆ. ಕೆಲವು ದಿನ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ ತೆಗೆದಾಗ ಆ ಕೈ ಮೇಲೇಳುವುದು ಕಾಣುತ್ತದೆ, ನಾನು ಬಾಗಿಲಿಗೆ ಬರುವುದು ಒಂದು ಉಸಿರಿನಷ್ಟು ತಡವಾಗುತ್ತದೆ. ಮೈಸೂರಿನಲ್ಲಿ ಬಿಎಸ್ಸಿ ಓದುವಾಗ ಮೇಡಂ ಒಬ್ಬರು ಜೋಳದ ಕಾಳಿನ ಮೇಲೆ ಬೆಳೆದ ಹಸಿರು ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ತೋರಿಸಿ, ಇದರ ವಿಷ ಬೇಯಿಸಿದರೂ ಹೋಗುವುದಿಲ್ಲ, ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ ಎಂದು ವಿವರಿಸುತ್ತಿದ್ದರು. ಬೂಷ್ಟನ್ನು ಕೆರೆದು ಬಿಸಾಡಿ ಉಳಿದದ್ದನ್ನು ತಿಂದರೂ ಪ್ರಯೋಜನವಿಲ್ಲ ಎಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಈಗಲೂ ನಾನು ಜೋಳದ ಹಿಟ್ಟನ್ನು ವಾರಕ್ಕಾಗುವಷ್ಟೇ ಬೀಸಿಸುತ್ತೇನೆ. ಪೇಪರಿನ ಮೇಲೆ ಹರವಿ ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕುತ್ತೇನೆ, ಒದ್ದೆ ಚಮಚ ತಾಗಿಸುವುದಿಲ್ಲ. ಬಳಸುವ ಮುಂಚೆ ಕೈ ತೊಳೆದು, ಮಹಡಿಗೆ ಒಯ್ದು, ಬೆಳಕಿನಲ್ಲಿ ನೋಡಿ ಮೂಸುತ್ತೇನೆ. ನನ್ನ ಗಂಡ ಕೆಳಗಿನಿಂದ, "ಏನಂತೆ, ಪಾಸೋ ಫೇಲೋ?" ಎಂದು ಕೂಗುತ್ತಾರೆ. ಕೂಗಲಿ.

ಅಜ್ಜಿ ಅಳಲಿಲ್ಲ. ಹೊಲದ ಅಂಚಿನಲ್ಲಿ ನಾವಿಬ್ಬರೂ ಆಳವಾಗಿ ಗುಂಡಿ ತೋಡಿ ಹಿಟ್ಟನ್ನು ಸುರಿದು, ಕೋಳಿ ಕೆದಕದಂತೆ ಮೇಲೆ ಕಲ್ಲು ಹೇರಿದೆವು. ಗುಡಾಣವನ್ನು ಅವಳು ಅಲ್ಲೇ ಒಡೆದಳು. ಮಳೆಗಾಲದಲ್ಲಿ ಒಣಗಿಸಿದ್ದ ಉಳಿದ ಜೋಳವನ್ನೂ ತಂದು ಮಣ್ಣು ಮಾಡಿದಳು. ಕೇಡು ಕಾಳಿನಲ್ಲೇ ಶುರುವಾಯಿತೋ, ಬಿಸಿ ಹಿಟ್ಟನ್ನು ಅದುಮಿದಾಗಲೋ, ಒದ್ದೆ ನೆಲದಿಂದ ಮಣ್ಣಿನ ಗುಡಾಣ ತಂಪು ಹೀರಿದಾಗಲೋ, ಯಾರೂ ಹೇಳಲಾರರು. ಬಹುಶಃ ಎಲ್ಲವೂ ಸೇರಿದ್ದಿರಬೇಕು. ಸಂಜೆಯ ಬಸ್ಸಿನ ಕಂಡಕ್ಟರ್ ತಂದ ಸುದ್ದಿಯನ್ನು ಎದುರುಮನೆಯ ನಿಂಗಣ್ಣ ಬಂದು ಹೇಳಿದ.

"ಪಟ್ನದ ಡಾಕ್ಟ್ರು ಹಿಟ್ ನೋಡಿ ಮೈಸೂರ್ಗೆ ಬರ್ಕೊಟ್ರಂತೆ ಕಣಮ್ಮ. ಬೇಗ ತಂದ್ರಿ ಅಂದ್ರಂತೆ. ಏನೂ ಹೇಳಾಕಾಗಲ್ಲ ಅಂತಾನೂ ಅಂದ್ರಂತೆ."

ಅಜ್ಜಿ ಅವನ ಮುಂದೆ ತಲೆಯಾಡಿಸಿ, ಹೋಗಿ ಒಲೆಗೆ ಎರಡು ಸೌದೆ ಹಾಕಿದಳು. ಮಂಜಿ ಮೈಸೂರಿನಲ್ಲಿದ್ದ ದಿನಗಳಲ್ಲಿ ಅವಳು ಆ ಸೊಪ್ಪನ್ನು ಒಂದೆಲೆಯೂ ಕಪ್ಪಾಗದಂತೆ ಬೇಯಿಸಿ ಇಳಿಸಿದಳು. ನಿಂಗಣ್ಣನ ಮನೆಯಿಂದ ನನಗೆ ಊಟ ಬರುತ್ತಿತ್ತು. ಅಜ್ಜಿ ಬರೀ ಮಜ್ಜಿಗೆ ಕುಡಿದಳು. ನಮ್ಮ ಒಲೆಯ ಮೇಲೆ ಪಾತ್ರೆ ಇಡಲು ಅವಳಿಗೆ ಕೈ ಬರಲಿಲ್ಲ.

ಮಂಜಿ ಬದುಕಿ ಬಂದಳು. ಅವ್ವನ ಹೆಗಲ ಮೇಲೆ, ಕಾಲು ಕಡ್ಡಿಯಾಗಿ, ಕಣ್ಣಿನ ಅಂಚಿನಲ್ಲಿ ಇನ್ನೂ ಹಳದಿ ಉಳಿಸಿಕೊಂಡು ಬಂದಳು. ಇನ್ನು ಅಪಾಯವಿಲ್ಲವೆಂದು ಹೇಳಲು ಕಣ್ಣು ಪೂರ್ತಿ ಬೆಳ್ಳಗಾಗಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಆಮೇಲಿನ ದಿನಗಳು ನನಗೆ ಆಸ್ಪತ್ರೆಯ ದಿನಗಳಿಗಿಂತ ಕಷ್ಟವೆನಿಸಿದವು. ಅವ್ವ ಹೊತ್ತುಹೊತ್ತಿಗೆ ಮಂಜಿಯ ರೆಪ್ಪೆ ಎತ್ತಿ ನೋಡುತ್ತಿದ್ದಳು. ಮಲಗಿದ್ದಾಗಲೂ ದೀಪ ಹಿಡಿದು ನೋಡುತ್ತಿದ್ದಳು. ಮಗು ಬೆಚ್ಚಿ ಅಳುತ್ತಿತ್ತು, ಅದರ ಅಳುವಿಗೆ ಅಪ್ಪ ಏಳುತ್ತಿದ್ದ, ಎದ್ದವನು ಬ್ಯಾರನ್ನಿಗೆ ಹೋಗಿ ಬರುತ್ತಿದ್ದ. ಅಜ್ಜಿ ನಡುಮನೆಯ ದೂರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ಆದರೆ ನಿದ್ದೆ ಮಾಡುತ್ತಿರಲಿಲ್ಲ. ಹಗಲಲ್ಲಿ ಮಂಜಿ ಕೈ ಚಾಚಿದರೂ ಹತ್ತಿರ ಹೋಗುತ್ತಿರಲಿಲ್ಲ. ಅತ್ತೆ ಸೊಸೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. "ನೀರ್ ಕಾದೈತೆ", "ಆಯ್ತು", "ದನ ಬಂದ್ವು", "ಸರಿ". ಆ ಮರ್ಯಾದೆ ನನಗೆ ಭಯ ಹುಟ್ಟಿಸುತ್ತಿತ್ತು.

ಆ ಸಲದ ಕೊನೆಯ ಬ್ಯಾರನ್ ಇಳಿಸಿ ಬೆಂಕಿ ಆರಿಸಿದ ದಿನ ಬೆಳಿಗ್ಗೆ ಅವ್ವ ಅಪ್ಪ ಮಂಜಿಯನ್ನು ಮತ್ತೊಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಇನ್ನೇನೂ ಇಲ್ಲ, ಬೇಕಾದ್ದು ತಿನ್ನಲಿ ಎಂದಿದ್ದರು. ಅವ್ವ ನಂಬಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಂಜಿಯನ್ನು ಜಗಲಿಗೆ ಕರೆತಂದು, ಪಡುವಣದ ಬೆಳಕಿಗೆ ಮುಖ ತಿರುಗಿಸಿ, ಮತ್ತೆ ಹೆಬ್ಬೆರಳು ರೆಪ್ಪೆಗೆ ತಂದಳು. ಮಂಜಿ ಮುಖ ಕೊಡವಿದಳು. ಬಾಗಿಲ ಸಂದಿನಿಂದ ಅಜ್ಜಿಯ ದನಿ ಬಂತು.

"ಇನ್ ಬುಡು ಜಯ. ಕಣ್ ಕಿತ್ತೋದಾತು ಕೂಸ್ದು."

ಅವ್ವ ತಿರುಗಿ ನೋಡಲಿಲ್ಲ. ಹೆಬ್ಬೆರಳನ್ನು ಕೆಳಗಿಳಿಸಿದಳು.

"ನಂಗ್ ಕಾಣ್ತಿಲ್ಲ ಅತ್ತೆಮ್ಮ. ನೋಡಿ ನೋಡಿ ನಂಗೆಲ್ಲಾ ಹಳ್ದಿನೇ ಕಾಣ್ತದೆ. ನೀವೇ ಬಂದ್ ನೋಡಿ."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಬಂದು ಮಂಜಿಯ ಮುಂದೆ ಮೊಣಕಾಲೂರಿದಳು. ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮುಖ ಮಾತ್ರ ಮುಂದೆ ತಂದಳು. ಮಂಜಿ ತಾನೇ ತನ್ನ ಎರಡೂ ಕಣ್ಣುಗಳನ್ನು ಬೆರಳಿನಿಂದ ಅಗಲಿಸಿ, ನಾಲಿಗೆಯನ್ನೂ ಹೊರಗೆ ಚಾಚಿ, ಗೊಂಬೆಯ ಹಾಗೆ ನಿಂತಳು.

"ಹಾಲು ಕಣೆ ಜಯ," ಅಜ್ಜಿ ಅಂದಳು. "ಹಾಲಂಗೈತೆ."

ಅವ್ವ ಅಲ್ಲೇ ಕೂತು ಅತ್ತೆಯ ಭುಜಕ್ಕೆ ಹಣೆ ಹಚ್ಚಿದಳು. ಅಜ್ಜಿಯ ಕೈ ಬೆನ್ನ ಹಿಂದಿನಿಂದ ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆ ದಿನ ಅಡುಗೆ ಮಾಡಿದವಳು ಅಜ್ಜಿಯೇ. ಅನ್ನ, ಹುರುಳಿಕಾಳಿನ ಸಾರು. ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ.

ಮರುದಿನ ನನಗೆ ಎಚ್ಚರವಾದದ್ದು ಬಾಗಿಲು ಬಡಿಯುವ ಸದ್ದಿಗೆ. ಹೆಂಚಿನ ಸಂದಿನಿಂದ ಬಿಸಿಲು ನಡುಮನೆಯ ಮಧ್ಯಕ್ಕೆ ಬಂದಿತ್ತು. ಕೊಟ್ಟಿಗೆಯಲ್ಲಿ ಹಸು ಕೂಗಿ ಕೂಗಿ ಸಾಕಾಗಿ ಸುಮ್ಮನಾಗಿತ್ತು. ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಮಂಜಿ ಅಜ್ಜಿಯ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಅಡ್ಡಡ್ಡ ಮಲಗಿದ್ದಳು, ಅವ್ವನ ಸೆರಗು ಅವರಿಬ್ಬರ ಮೇಲೂ ಇತ್ತು. ಹೊರಗೆ ನಿಂಗಣ್ಣ ಚಿಲಕ ಅಲ್ಲಾಡಿಸುತ್ತಿದ್ದ. ಅವನ ದನಿಯಲ್ಲಿ ನಿಜವಾಗಿಯೂ ಗಾಬರಿ ಇತ್ತು.

"ಹೊತ್ ನೆತ್ತಿಗ್ ಬಂತಲ್ರೋ. ಬಾಗ್ಲು ತೆಗೀರಿ. ಏನಾಯ್ತ್ರೋ ಎಲ್ರಿಗೂವೆ?"

ಅವ್ವ ಕಣ್ಣು ತೆರೆಯದೆಯೇ, ಮಲಗಿದ್ದಲ್ಲಿಂದಲೇ ಉತ್ತರಿಸಿದಳು.

"ಏನೂ ಆಗಿಲ್ಲ ಕಣ್ ನಿಂಗಣ್ಣ. ನಿದ್ದೆ ಬಂದಿತ್ತು."